ಮಾವಿನ ತೋಪಿನ ಮರುಭೂಮಿ: ಶ್ರೀನಿವಾಸಪುರದ ಕಡೆಯ ಮೂರು ದಿನಗಳ ರ‍್ಯಾಲಿ ತರಬೇತಿ

ಜನವರಿಯ ಎರಡನೇ ವಾರ, ಅವರೆಕಾಯಿಯ ಸೊಗಡು ಇನ್ನೂ ಸಂತೆ ಬಿಟ್ಟು ಹೋಗಿರದ ದಿನಗಳಲ್ಲಿ, ಶ್ರೀನಿವಾಸಪುರ ತಾಲ್ಲೂಕಿನ ಮಾವಿನ ತೋಪೊಂದರ ಅಂಚಿನಲ್ಲಿ ನಡೆಯುವ ಮೋಟಾರ್‌ಸೈಕಲ್ ತರಬೇತಿ ಶಿಬಿರಕ್ಕೆ ಮೂರು ದಿನ ಹೋಗಿ ಬಂದೆ. ಶಿಬಿರದ ಕರಪತ್ರದಲ್ಲಿ ‘ಮರುಭೂಮಿ ರ‍್ಯಾಲಿಗೆ ಪೂರ್ವಸಿದ್ಧತೆ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ಬೈಕು, ಬೂಟು, ಹೆಲ್ಮೆಟ್ಟು, ಎರಡು ಹೊತ್ತಿನ ಊಟ ಮತ್ತು ತೋಪಿನೊಳಗಿನ ಟೆಂಟು ಸೇರಿ ಶುಲ್ಕ 16,500 ರೂಪಾಯಿ. ಸ್ವಂತ ಬೈಕು ತಂದವರಿಗೆ 10,000. ನಡೆಸುವವರು ಒಬ್ಬ ಅಣ್ಣ, ಒಬ್ಬ ತಮ್ಮ. ಅಣ್ಣ ಹಿಂದೆ ರ‍್ಯಾಲಿ ತಂಡವೊಂದರಲ್ಲಿ ಮೆಕ್ಯಾನಿಕ್ ಆಗಿದ್ದವರು, ತಮ್ಮ ಮೋಟೋಕ್ರಾಸ್, ಅಂದರೆ ಮಣ್ಣಿನ ಟ್ರ್ಯಾಕಿನ ಬೈಕ್ ರೇಸು, ಓಡಿಸುತ್ತಿದ್ದವರು. ಇಬ್ಬರೇ ಸೇರಿ ನಡೆಸುವ ಸಣ್ಣ ಜಾಗವಾದ್ದರಿಂದಲೂ, ಮುಂದೆ ಬರೆಯಲಿರುವ ಕೆಲವು ಮಾತುಗಳು ಕಟುವಾಗಿರುವುದರಿಂದಲೂ ಹೆಸರು ಹೇಳುತ್ತಿಲ್ಲ. ಮರುಭೂಮಿ ರೇಸುಗಳಲ್ಲಿ ಜಗತ್ತಿಗೇ ಹೆಸರಾದ ಡಾಕರ್ ಓಡಿದ ಸಿ.ಎಸ್. ಸಂತೋಷ್ ಅವರು ಕೋಲಾರದ ಬಳಿ ಕಟ್ಟಿರುವ ಬಿಗ್ ರಾಕ್ ಡರ್ಟ್ ಪಾರ್ಕ್ ಹೆಸರುವಾಸಿಯಾದದ್ದು. ಇದು ಅದಲ್ಲ ಎಂಬುದನ್ನು ಮಾತ್ರ ಮೊದಲೇ ಸ್ಪಷ್ಟಪಡಿಸುತ್ತೇನೆ.

ನನ್ನ ಪರಿಚಯ ಇಲ್ಲಿ ಅಗತ್ಯ, ಏಕೆಂದರೆ ನನ್ನ ದೂರುಗಳಲ್ಲಿ ಅರ್ಧ ನನ್ನ ಕಸುಬಿನಿಂದಲೇ ಹುಟ್ಟಿದವು. ನಾನು ಚಿಂತಾಮಣಿಯ ಸಿವಿಲ್ ಗುತ್ತಿಗೆದಾರ, ವಯಸ್ಸು 47. ಚರಂಡಿ, ಸಿಸಿ ರಸ್ತೆ, ಶಾಲೆಯ ಕೊಠಡಿ ಇಂಥವುಗಳನ್ನು ಕಟ್ಟಿಸುತ್ತಲೇ ಇಪ್ಪತ್ತು ವರ್ಷ ಕಳೆದಿದ್ದೇನೆ. ಮರುಭೂಮಿಯ ರೇಸಿನ ಹುಚ್ಚು ಹಿಡಿದದ್ದು ತಡವಾಗಿ. ಎರಡು ವರ್ಷಗಳ ಹಿಂದೆ ಜೈಸಲ್ಮೇರಿನಿಂದ ಸುಮಾರು 40 ಕಿಲೋಮೀಟರ್ ದೂರದ ಸಾಮ್ ದಿಬ್ಬಗಳ ಮೇಲೆ ಬಾಡಿಗೆ ಬೈಕು ಹತ್ತಿ, ಅರ್ಧ ಗಂಟೆಯಲ್ಲಿ ಒಂಬತ್ತು ಸಲ ಬಿದ್ದು, ಹತ್ತನೆಯ ಸಲಕ್ಕೆ ಬೈಕನ್ನು ಎತ್ತುವ ಶಕ್ತಿಯಿಲ್ಲದೆ ಅದರ ಪಕ್ಕದಲ್ಲೇ ಕುಳಿತುಬಿಟ್ಟಿದ್ದೆ. ರಾಜಸ್ಥಾನದಲ್ಲಿ ಹವ್ಯಾಸಿಗಳಿಗೂ ಪ್ರವೇಶವಿರುವ ರ‍್ಯಾಲಿಯೊಂದಕ್ಕೆ ಜೀವಮಾನದಲ್ಲಿ ಒಮ್ಮೆಯಾದರೂ ಹೆಸರು ಕೊಟ್ಟು, ಗೆಲ್ಲುವ ಮಾತು ಹಾಗಿರಲಿ, ಮುಗಿಸಿ ಬರಬೇಕೆಂಬುದು ನನ್ನ ಆಸೆ. ಆ ಆಸೆಗೆ ಈ ಶಿಬಿರ ಎಷ್ಟರಮಟ್ಟಿಗೆ ನೆರವಾಯಿತು ಎಂಬ ಒಂದೇ ಅಳತೆಗೋಲಿನಿಂದ ಇದನ್ನು ಅಳೆದಿದ್ದೇನೆ.

ಮೊದಲು ಮರಳಿನ ವಿಷಯ. ಕರಪತ್ರದ ಚಿತ್ರದಲ್ಲಿ ಬೈಕಿನ ಹಿಂದಿನ ಚಕ್ರದಿಂದ ಮರಳು ಬೀಸಣಿಗೆಯಂತೆ ಚಿಮ್ಮುತ್ತಿದೆ. ತೋಪಿನ ಹಿಂದೆ ನಿಜಕ್ಕೂ ಇರುವುದು ಜೆಸಿಬಿಯಿಂದ ತೋಡಿದ, ಹೆಚ್ಚೆಂದರೆ 50 ಮೀಟರ್ ಉದ್ದ, ಎಂಟು ಮೀಟರ್ ಅಗಲದ ಒಂದು ಗುಂಡಿ. ಅದಕ್ಕೆ ತುಂಬಿರುವುದು ಎಂ-ಸ್ಯಾಂಡ್. ನಾನು ಒಂದು ಹಿಡಿ ಎತ್ತಿ ಅಂಗೈಯಲ್ಲಿ ಉಜ್ಜಿ ನೋಡಿದೆ. ಪ್ಲಾಸ್ಟರಿಂಗಿಗೆ ತುಸು ಒರಟು, ಕಾಂಕ್ರೀಟಿಗೆ ಬಹಳ ಸೊಗಸಾದ ಮಾಲು. ಹೊರಗಿನವರಿಗೆ ಇದು ಕೊಂಕು ಎನಿಸಬಹುದು, ಆದರೆ ಇಲ್ಲಿ ವ್ಯತ್ಯಾಸ ಮೂಲಭೂತವಾದದ್ದು. ಎಂ-ಸ್ಯಾಂಡ್ ಎಂದರೆ ಕ್ರಷರಿನಲ್ಲಿ ಪುಡಿಯಾದ ಕಲ್ಲು. ಅದರ ಕಣಗಳಿಗೆ ಮೂಲೆಗಳಿವೆ, ಆ ಮೂಲೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ನೀರು ಬಿದ್ದರೆ ಇನ್ನಷ್ಟು ಬಿಗಿಯಾಗುತ್ತವೆ. ಮರುಭೂಮಿಯ ದಿಬ್ಬದ ಮರಳು ಗಾಳಿಗೆ ಉರುಳಿ ಉರುಳಿ ನುಣುಪಾಗಿರುತ್ತದೆ, ಬಹುಮಟ್ಟಿಗೆ ಒಂದೇ ಗಾತ್ರದ್ದಾಗಿರುತ್ತದೆ, ಕಣಕ್ಕೂ ಕಣಕ್ಕೂ ಹಿಡಿತವೇ ಇರುವುದಿಲ್ಲ. ಕೊಲ್ಲಿಯ ಮರಳುಗಾಡಿನ ದೇಶಗಳು ಕಟ್ಟಡದ ಕೆಲಸಕ್ಕೆ ಹೊರಗಿನಿಂದ ಮರಳು ತರಿಸಿಕೊಳ್ಳುವುದು ಇದೇ ಕಾರಣಕ್ಕೆ. ಆ ಮರಳಿನಲ್ಲಿ ಮುಂದಿನ ಚಕ್ರ ಹೂತುಹೋಗುತ್ತದೆ; ಎಂ-ಸ್ಯಾಂಡಿನಲ್ಲಿ ಅದು ಹೂಳುವುದಿಲ್ಲ, ಜಾರುತ್ತದೆ. ಎರಡಕ್ಕೂ ಕೈ ಮಾಡಬೇಕಾದ ಕೆಲಸ ಬೇರೆ ಬೇರೆ.

ಸಾಲದ್ದಕ್ಕೆ, ಜನವರಿಯೆಂದರೆ ಮಾವು ಹೂ ಬಿಡುವ ಕಾಲ. ಹೂವಿನ ಮೇಲೆ ಧೂಳು ಕೂತರೆ ಕಾಯಿ ಕಚ್ಚುವುದಿಲ್ಲವೆಂದು ಪಕ್ಕದ ತೋಪಿನವರು ತಕರಾರು ತೆಗೆದಿದ್ದರಂತೆ. ಅವರ ಮಾತಿನಲ್ಲಿ ನ್ಯಾಯವಿದೆ. ಅದಕ್ಕಾಗಿ ದಿನಕ್ಕೆ ಮೂರು ಸಲ ಟ್ಯಾಂಕರಿನಿಂದ ಟ್ರ್ಯಾಕಿಗೆಲ್ಲ ನೀರು ಹೊಡೆಯುತ್ತಿದ್ದರು, ಮರಳಿನ ಗುಂಡಿಗೂ ಸೇರಿಸಿ. ಮರುಭೂಮಿಗೆ ಟ್ಯಾಂಕರಿನಲ್ಲಿ ನೀರು ಹೊಡೆಯುವುದನ್ನು ನಾನು ಕಂಡದ್ದು ಅದೇ ಮೊದಲು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಆ ಗುಂಡಿ ಎಷ್ಟು ಗಟ್ಟಿಯಾಗಿತ್ತೆಂದರೆ, ನನ್ನ ಮೇಸ್ತ್ರಿ ಅಲ್ಲಿದ್ದಿದ್ದರೆ ನೇರವಾಗಿ ಬೆಡ್ ಕಾಂಕ್ರೀಟು ಹಾಕಿಸಿಬಿಡುತ್ತಿದ್ದರು.

ಇಷ್ಟಾದರೂ ಮರಳಿನ ಬಗ್ಗೆ ತಮ್ಮನವರು ಬಾಯಿಮಾತಿನಲ್ಲಿ ಹೇಳಿಕೊಟ್ಟದ್ದು ಅಪ್ಪಟವಾಗಿತ್ತು. ನಾನು ಸಾಮ್‌ನಲ್ಲಿ ಬಿದ್ದ ಒಂಬತ್ತು ಸಲವೂ ಏಕೆ ಬಿದ್ದೆನೆಂದು ಅರ್ಥವಾದದ್ದು ಆಗಲೇ. ಹ್ಯಾಂಡಲ್ ಅಲುಗಾಡಿದ ಕೂಡಲೇ ಹೆದರಿ ಥ್ರಾಟಲ್ (ಆಕ್ಸಿಲರೇಟರ್) ಬಿಡುವುದು ಮನುಷ್ಯನ ಸ್ವಭಾವ. ಬಿಟ್ಟೊಡನೆ ಬೈಕಿನ ತೂಕವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಚಕ್ರ ಮರಳನ್ನು ನೇಗಿಲಿನಂತೆ ಸೀಳಿ ಒಳಗಿಳಿಯುತ್ತದೆ, ಬೈಕು ನಿಲ್ಲುತ್ತದೆ, ಸವಾರ ನಿಲ್ಲುವುದಿಲ್ಲ. ಆದ್ದರಿಂದ ಫುಟ್‌ಪೆಗ್ ಮೇಲೆ ನಿಂತು, ಸೊಂಟವನ್ನು ಹಿಂದಕ್ಕೆ ತಂದು, ಮಂಡಿಯಿಂದ ಟ್ಯಾಂಕನ್ನು ಒತ್ತಿ ಹಿಡಿದು, ಕೈಗಳನ್ನು ಸಡಿಲ ಬಿಟ್ಟು, ಹ್ಯಾಂಡಲ್ ತನ್ನಷ್ಟಕ್ಕೆ ಅಲುಗಾಡಲೆಂದು ಬಿಟ್ಟುಕೊಟ್ಟು, ಥ್ರಾಟಲನ್ನು ಮಾತ್ರ ಸಮನಾಗಿ ತೆರೆದಿಟ್ಟಿರಬೇಕು. ದಿಬ್ಬವನ್ನು ಗಾಳಿ ಬೀಸುವ ಕಡೆಯ ಇಳಿಜಾರಿನಿಂದ ಏರಬೇಕು, ಅದು ಓರೆಯಾಗಿಯೂ ಗಟ್ಟಿಯಾಗಿಯೂ ಇರುತ್ತದೆ. ಆಚೆ ಬದಿ ಕಡಿದಾಗಿಯೂ ಮೆತ್ತಗೂ ಇರುತ್ತದೆ, ನೆತ್ತಿಯಲ್ಲಿ ವೇಗ ಕಡಿಮೆ ಮಾಡಿ ಕೆಳಗೆ ಏನಿದೆಯೆಂದು ನೋಡದೆ ಹಾರಿದವರು ಆಸ್ಪತ್ರೆಯಲ್ಲಿ ಎಚ್ಚರಗೊಳ್ಳುತ್ತಾರೆ. ಇದನ್ನೆಲ್ಲ ಅವರು ಒಂದು ಬಾಂಡ್ಲಿಯಲ್ಲಿ ರಾಗಿ ಹಿಟ್ಟನ್ನು ಗುಡ್ಡೆ ಹಾಕಿ, ಊದಿ, ಅದರ ಮೇಲೆ ಬೆರಳಾಡಿಸಿ ತೋರಿಸಿದರು. 16,500 ರೂಪಾಯಿಯ ಶಿಬಿರದಲ್ಲಿ ಮರುಭೂಮಿಗೆ ಅತ್ಯಂತ ಹತ್ತಿರವಾಗಿದ್ದ ವಸ್ತು ಆ ರಾಗಿ ಹಿಟ್ಟು.

ಮರುಭೂಮಿಯಂಥ ನೆಲ ಕೋಲಾರ ಜಿಲ್ಲೆಯಲ್ಲಿ ಇಲ್ಲವೇ ಎಂದು ಕೇಳುವವರು ಕೂಡಲೇ ಕೆಜಿಎಫ್‌ನ ಸೈನೈಡ್ ದಿಬ್ಬಗಳತ್ತ ಬೆರಳು ತೋರುತ್ತಾರೆ. ಶಿಬಿರದಲ್ಲೂ ಇಬ್ಬರು ಅದೇ ಪ್ರಶ್ನೆ ಕೇಳಿದರು. ನೂರಿಪ್ಪತ್ತು ವರ್ಷಗಳ ಚಿನ್ನದ ಗಣಿಗಾರಿಕೆ, 2001ರ ಫೆಬ್ರುವರಿಯಲ್ಲಿ ಭಾರತ್ ಗೋಲ್ಡ್ ಮೈನ್ಸ್ ಮುಚ್ಚುವವರೆಗೆ, ಹೊರಗೆ ಸುರಿದ ಅದಿರಿನ ಪುಡಿಯ ಗುಡ್ಡಗಳು ಅವು. ನೋಡಲು ಥೇಟು ಮರಳುಗಾಡು. ಅಣ್ಣನವರು ಅಲ್ಲಿಗೆ ಕರೆದೊಯ್ಯುವುದಿಲ್ಲವೆಂದು ಖಡಾಖಂಡಿತವಾಗಿ ಹೇಳಿದರು, ಆ ಮಾತಿಗೆ ನಾನು ಅವರನ್ನು ಮೆಚ್ಚುತ್ತೇನೆ. ಬೇಸಿಗೆಯ ಗಾಳಿಗೆ ಆ ಪುಡಿ ಎದ್ದು ಮನೆಗಳೊಳಗೆ ಹೊಕ್ಕುವುದರಿಂದ ಅಲ್ಲಿನ ಜನ ಎಷ್ಟು ಬೇಸತ್ತಿದ್ದಾರೆಂದು ಗೊತ್ತಿರುವವರು ಯಾರೂ ಅದರ ಮೇಲೆ ಚಕ್ರ ತಿರುಗಿಸಿ ಇನ್ನಷ್ಟು ಎಬ್ಬಿಸಲಾರರು. ಮೊದಲೆಲ್ಲ ನಾವು ಓಡಿಸುತ್ತಿದ್ದದ್ದು ಬತ್ತಿದ ಕೆರೆಗಳ ಅಂಗಳದಲ್ಲಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯಲು ಶುರುವಾದ ಮೇಲೆ ಅಂಥ ಎಷ್ಟೋ ಅಂಗಳಗಳು ನೀರಿನಡಿಗೆ ಹೋದವು. ಕೆರೆ ತುಂಬಿತೆಂದು ದೂರುವ ಮನುಷ್ಯ ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಆ ದೂರನ್ನು ಮನೆಯಲ್ಲಿ ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಇನ್ನು ಬೈಕುಗಳು. ಶಿಬಿರದಲ್ಲಿ ಕೊಡುವುದು ಹೀರೋ ಎಕ್ಸ್‌ಪಲ್ಸ್ 200 4ವಿ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಈ ಬೆಲೆಯಲ್ಲಿ ಇದೆಯೆಂದು ನನಗೆ ಅನಿಸುವುದಿಲ್ಲ: ಮುಂದೆ 21 ಇಂಚಿನ ಚಕ್ರ, ಹಿಂದೆ 18 ಇಂಚು, ಸುಮಾರು 19 ಅಶ್ವಶಕ್ತಿ, 160 ಕೆಜಿಯ ಆಸುಪಾಸಿನ ತೂಕ. ಡಾಕರ್‌ನಲ್ಲಿ 2011ರಿಂದ ಬೈಕಿನ ಎಂಜಿನ್ 450 ಸಿಸಿ ಮೀರುವಂತಿಲ್ಲ, ಮತ್ತು ಆ ಬೈಕುಗಳ ಬೆಲೆಗೆ ನಮ್ಮ ಊರಿನಲ್ಲಿ ಒಂದು ಸೈಟಿಗೆ ಮುಂಗಡ ಕೊಡಬಹುದು. ಆದರೆ ಶಿಬಿರದವರು ತಮ್ಮ ಬೈಕುಗಳನ್ನು ಇಟ್ಟುಕೊಂಡಿದ್ದ ರೀತಿ ಮಾತ್ರ ಚೆನ್ನಾಗಿರಲಿಲ್ಲ. ನನಗೆ ಸಿಕ್ಕಿದ್ದರ ಕ್ಲಚ್ ಲಿವರಿನ ತುದಿ ಮುರಿದಿತ್ತು, ಕಚ್ಚಾ ನೆಲ ಕಚ್ಚಲೆಂದು ಉಬ್ಬುಗಳಿರುವ ಗುಬ್ಬಿ ಟಯರಿನ ಗುಬ್ಬಿಗಳು ಅರ್ಧ ಸವೆದಿದ್ದವು, ಹಿಂದಿನ ಬ್ರೇಕ್ ಪೆಡಲ್ ಬಾಗಿ ಎಂಜಿನ್ನಿಗೆ ತಾಗುತ್ತಿತ್ತು. ಬೂಟುಗಳಂತೂ ಇನ್ನೂ ಕಷ್ಟ. ಹತ್ತು ಜೊತೆಯಲ್ಲಿ ನಾಲ್ಕಕ್ಕೆ ಬಕಲ್ ಇರಲಿಲ್ಲ. ಆ ಜಾಗದಲ್ಲಿ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿದ್ದರು. ಕಾಲು ಬೈಕಿನಡಿಗೆ ಸಿಕ್ಕಿಕೊಂಡಾಗ ಹಿಮ್ಮಡಿಯನ್ನೂ ಕಣಕಾಲನ್ನೂ ಉಳಿಸುವ ಏಕೈಕ ಸಾಧನ ಬೂಟು; ಹೋಗುವವರು ಸಾಲ ಮಾಡಿಯಾದರೂ ಸ್ವಂತ ಬೂಟು ಒಯ್ಯಬೇಕೆಂಬುದು ನನ್ನ ಸಲಹೆ.

ಮೊದಲ ದಿನವಿಡೀ ನಡೆದದ್ದು ನಿಲ್ಲುವುದು, ಬೀಳುವುದು ಮತ್ತು ಎತ್ತುವುದು. ಬೈಕಿಗೆ ಬೆನ್ನು ಕೊಟ್ಟು ಕುಕ್ಕರುಗಾಲಿನಲ್ಲಿ ಕೂತು, ಒಂದು ಕೈ ಹ್ಯಾಂಡಲ್ಲಿಗೆ, ಇನ್ನೊಂದು ಹಿಂದಿನ ಕ್ಯಾರಿಯರ್ರಿಗೆ ಹಾಕಿ, ಸೊಂಟ ಬಾಗಿಸದೆ ಕಾಲಿನ ಬಲದಿಂದ ಹಿಂದೆ ಹಿಂದೆ ಹೆಜ್ಜೆಯಿಡುತ್ತ ಎತ್ತುವ ವಿಧಾನವನ್ನು ಹದಿನಾಲ್ಕು ಜನರಿಗೂ ಇಪ್ಪತ್ತು ಇಪ್ಪತ್ತು ಸಲ ಮಾಡಿಸಿದರು. ಶಿಡ್ಲಘಟ್ಟದಿಂದ ಬಂದಿದ್ದ, ರೇಷ್ಮೆ ನೂಲು ತೆಗೆಯುವ ರೀಲರ್ ಒಬ್ಬರ ಮಗ, ಸಣಕಲು ಹುಡುಗ, ಸಂಜೆಯ ಹೊತ್ತಿಗೆ ನಮ್ಮೆಲ್ಲರಿಗಿಂತ ಲೀಲಾಜಾಲವಾಗಿ ಎತ್ತುತ್ತಿದ್ದ. ಸಡಿಲ ಮಣ್ಣಿನಲ್ಲಿ ಮುಂದಿನ ಬ್ರೇಕನ್ನು ಎರಡು ಬೆರಳಿನಿಂದ ಒತ್ತುವುದು, ಚಕ್ರದ ಎದುರು ನೋಡದೆ ದೂರ ನೋಡುವುದು, ಇಳಿಜಾರಿನಲ್ಲಿ ಎಂಜಿನ್ ಆರಿದರೆ ಗೇರಿನಲ್ಲೇ ನಿಲ್ಲಿಸಿಕೊಳ್ಳುವುದು, ಇವೆಲ್ಲ ಚೊಕ್ಕಟವಾಗಿ ಸಾಗಿದವು. ಇಬ್ಬರು ಗುರುಗಳಿಗೆ ಹದಿನಾಲ್ಕು ಶಿಷ್ಯರು ಜಾಸ್ತಿಯಾಯಿತು. ನನ್ನ ಸರದಿಗೆ ಕಾಯುತ್ತ ಮರದಡಿ ಕೂತ ಹೊತ್ತನ್ನು ಲೆಕ್ಕ ಹಾಕಿದರೆ ಅರ್ಧ ದಿನವಾದರೂ ಆದೀತು.

ಊಟದ ಬಗ್ಗೆ ದೂರಿಲ್ಲ. ಮುದ್ದೆ, ಹಿತಕಿದ ಬೇಳೆ ಸಾರು, ಕೇಳಿದಷ್ಟು ಮಜ್ಜಿಗೆ. ಊಟದ ಚಪ್ಪರದ ಕಂಬಗಳಿಗೆ ಮೂರು ಫ್ಲೆಕ್ಸ್ ಕಟ್ಟಿದ್ದರು: 2015ರಲ್ಲಿ 36ನೇ ಸ್ಥಾನ ಪಡೆದು ಡಾಕರ್ ರ‍್ಯಾಲಿ ಪೂರೈಸಿದ ಮೊದಲ ಭಾರತೀಯ, ಬೆಂಗಳೂರಿನ ಸಂತೋಷ್, 2019ರಲ್ಲಿ 37ನೆಯವರಾಗಿ ಮುಗಿಸಿದ ಉಡುಪಿಯ ಕೆ.ಪಿ. ಅರವಿಂದ್, 2024ರಲ್ಲಿ ಅಗ್ರ ವಿಭಾಗದ ನಂತರದ್ದಾದ ರ‍್ಯಾಲಿ 2 ವಿಭಾಗವನ್ನೇ ಗೆದ್ದು ಒಟ್ಟಾರೆ 11ನೇ ಸ್ಥಾನಕ್ಕೆ ಬಂದ ಕೇರಳದ ಹರಿತ್ ನೋವಾ. ಅರವಿಂದರನ್ನು ನಮ್ಮಲ್ಲಿ ಹೆಚ್ಚಿನವರು ಗುರುತಿಸಿದ್ದು ಬಿಗ್ ಬಾಸ್ ಮನೆಯಿಂದ ಎಂಬುದು ಬೇರೆ ಮಾತು. ಸಂತೋಷ್ ಅವರು 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ಬಿದ್ದು ತಲೆಗೆ ಪೆಟ್ಟಾಗಿ, ವೈದ್ಯರು ಅವರನ್ನು ಔಷಧದ ಮೂಲಕ ಕೋಮಾದಲ್ಲಿ ಇರಿಸಬೇಕಾಗಿ ಬಂದದ್ದನ್ನು ಅಣ್ಣನವರು ಊಟದ ನಡುವೆ ವಿವರಿಸಿದಾಗ ಪಂಕ್ತಿಯಲ್ಲಿ ಕೆಲಕಾಲ ಮಾತಿರಲಿಲ್ಲ. ಆ ವರ್ಷದಿಂದಲೇ ಡಾಕರ್‌ನಲ್ಲಿ ಬೈಕ್ ಸವಾರರಿಗೆ ಏರ್‌ಬ್ಯಾಗ್ ಜಾಕೆಟ್ ಕಡ್ಡಾಯವಾಗಿತ್ತು. ಇಷ್ಟನ್ನು ತಿಳಿದು ವಿವರಿಸಿದ ಶಿಬಿರದಲ್ಲಿಯೇ ಮರುದಿನ ನಡೆದ ಸಂಗತಿ ನನಗೆ ಇನ್ನೂ ಅರಗಿಲ್ಲ.

ಶನಿವಾರ ಮಧ್ಯಾಹ್ನ, ಟ್ರ್ಯಾಕಿನ ಮೂರನೆಯ ಉಬ್ಬಿನ ಮೇಲೆ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ಯುವಕರೊಬ್ಬರು ಹೆಗಲು ಊರಿ ಬಿದ್ದರು. ಕಾಲರ್ ಬೋನ್ ಮುರಿದಿತ್ತು. ಈ ಆಟದಲ್ಲಿ ಅತಿ ಸಾಮಾನ್ಯವಾಗಿ ಮುರಿಯುವ ಮೂಳೆ ಅದೇ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತೆರೆದರೆ ಅದರಲ್ಲಿ ಅರ್ಧ ಉರುಳೆ ಬ್ಯಾಂಡೇಜು ಮತ್ತು ಅವಧಿ ಮುಗಿದ ಮುಲಾಮು ಮಾತ್ರ ಇದ್ದವು. ತೋಳನ್ನು ಎದೆಗೆ ಕಟ್ಟಲು ಟವೆಲು ಕೊಟ್ಟವನು ನಾನು. ಆಂಬುಲೆನ್ಸ್ ಇರಲಿ, ಯಾವ ಆಸ್ಪತ್ರೆಗೆ ಹೋಗಬೇಕೆಂಬ ತೀರ್ಮಾನವೂ ಮುಂಚಿತವಾಗಿ ಆಗಿರಲಿಲ್ಲ. ಕೊನೆಗೆ ಬೈಕು ಸಾಗಿಸುವ ಬೊಲೆರೊ ಪಿಕಪ್‌ನಲ್ಲೇ ಅವರನ್ನು ಕೂರಿಸಿಕೊಂಡು ಹೋದರು, ಪ್ರತಿ ರಸ್ತೆಯುಬ್ಬಿಗೂ ಆ ಹುಡುಗ ಹಲ್ಲು ಕಚ್ಚುತ್ತಿದ್ದುದನ್ನು ಜೊತೆಗೆ ಹೋದವರು ಹೇಳಿದರು. ಡಾಕರ್‌ನಲ್ಲಿ ಪ್ರತಿ ಬೈಕಿಗೂ ಸಂಕೇತ ಕಳಿಸುವ ಉಪಕರಣವಿರುತ್ತದೆ, ಸವಾರ ಬಿದ್ದು ಅಲುಗಾಡದಿದ್ದರೆ ವೈದ್ಯರ ಹೆಲಿಕಾಪ್ಟರ್ ಹೊರಡುತ್ತದೆ. ಹಾಗಿದ್ದರೂ 2020ರಲ್ಲಿ ಪೋರ್ಚುಗಲ್ಲಿನ ಸವಾರ ಪೌಲೊ ಗೊನ್ಸಾಲ್ವಿಸ್ ಅವರಂಥ ಅನುಭವಿಯೇ ಉಳಿಯಲಿಲ್ಲ. ಮಾವಿನ ತೋಪಿನಲ್ಲಿ ಹೆಲಿಕಾಪ್ಟರ್ ಯಾರೂ ಕೇಳುವುದಿಲ್ಲ. ಒಂದು ಸ್ಟ್ರೆಚರು, ಒಂದು ಸ್ಪ್ಲಿಂಟು, ಗೋಡೆಗೆ ಅಂಟಿಸಿದ ಆಸ್ಪತ್ರೆಯ ಫೋನ್ ನಂಬರು, ಮೂರು ದಿನ ನಿಲ್ಲಲು ಒಪ್ಪುವ ಒಬ್ಬ ನರ್ಸು, ಇಷ್ಟಕ್ಕೆ ತಗಲುವ ವೆಚ್ಚವನ್ನು ನಾನು ಗುತ್ತಿಗೆದಾರನಾಗಿ ಲೆಕ್ಕ ಹಾಕಿದರೆ, ತಲಾ ಐನೂರು ರೂಪಾಯಿ ಹೆಚ್ಚಿಸಿದರೆ ಸಾಕು. ನನ್ನ ಸೈಟಿನಲ್ಲಿ ಹೆಲ್ಮೆಟ್ಟಿಲ್ಲದೆ ಸೆಂಟ್ರಿಂಗ್ ಹತ್ತಲು ಬಿಡದ ನನಗೆ ಇದು ಸಣ್ಣ ಲೋಪವೆಂದು ಬರೆಯಲು ಮನಸ್ಸು ಒಪ್ಪುವುದಿಲ್ಲ.

ಇಷ್ಟೆಲ್ಲ ಓದಿದ ಮೇಲೆ ಈ ಶಿಬಿರಕ್ಕೆ ಹೋಗಬೇಡಿ ಎನ್ನುತ್ತೇನೆಂದು ನೀವು ಎಣಿಸಿರಬಹುದು. ಶನಿವಾರ ರಾತ್ರಿ ಕೇಳಿದ್ದರೆ ಹಾಗೆಯೇ ಹೇಳುತ್ತಿದ್ದೆ. ಭಾನುವಾರ ಬೆಳಗಿನ ಅರ್ಧ ದಿನ, ಕರಪತ್ರದಲ್ಲಿ ಕೊನೆಯ ಸಾಲಿನಲ್ಲಿ ‘ನ್ಯಾವಿಗೇಷನ್ ಪರಿಚಯ’ ಎಂದಷ್ಟೇ ನಮೂದಾಗಿದ್ದ ಪಾಠ, ನನ್ನ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿತು.

ಮರುಭೂಮಿ ರೇಸನ್ನು ಟಿ.ವಿ.ಯಲ್ಲಿ ನೋಡಿದವರಿಗೆ ಅದು ವೇಗದ ಆಟವಾಗಿ ಕಾಣುತ್ತದೆ. ಒಳಗಿನವರಿಗೆ ಅದು ಓದುವ ಆಟ. ಸವಾರನಿಗೆ ನಕ್ಷೆ ತೋರಿಸುವ ಜಿಪಿಎಸ್ ಇರುವುದಿಲ್ಲ. ಹ್ಯಾಂಡಲ್ಲಿನ ಮೇಲಿನ ಪೆಟ್ಟಿಗೆಯೊಳಗೆ ಸುರುಳಿ ಸುತ್ತಿದ ಕಾಗದದ ರೋಡ್‌ಬುಕ್ ಇರುತ್ತದೆ, ಈಗೀಗ ಮುಂಚೂಣಿಯವರಿಗೆ ಅದರ ಜಾಗದಲ್ಲಿ ಟ್ಯಾಬ್ಲೆಟ್ ಬಂದಿದೆ. ಪ್ರತಿ ಚೌಕದ ಎಡಕ್ಕೆ ಹೊರಟಲ್ಲಿಂದ ಎಷ್ಟು ದೂರ, ಹಿಂದಿನ ಗುರುತಿನಿಂದ ಎಷ್ಟು ದೂರ. ನಡುವೆ ಕವಲಿನ ಸಣ್ಣ ರೇಖಾಚಿತ್ರ. ಬಲಕ್ಕೆ ಟಿಪ್ಪಣಿ, ಡಿಗ್ರಿಯಲ್ಲಿ ದಿಕ್ಕು, ಅಪಾಯವಿದ್ದರೆ ಒಂದು, ಎರಡು ಅಥವಾ ಮೂರು ಉದ್ಗಾರ ಚಿಹ್ನೆ. ಮೂರಿದ್ದರೆ ದೇವರನ್ನು ನೆನೆದು ನಿಧಾನ ಮಾಡಬೇಕು. ಮರಳಿನಲ್ಲಿ ದಾರಿಯೇ ಇಲ್ಲದಿರುವಾಗ ಉಳಿಯುವುದು ದೂರ ಮತ್ತು ಡಿಗ್ರಿ ಎರಡೇ. ಸವಾರ ಹಾದುಹೋಗಲೇಬೇಕಾದ ಗುಪ್ತ ಗುರುತುಗಳ ಹತ್ತಿರ ಹೋದಾಗ ಮಾತ್ರ ಉಪಕರಣದಲ್ಲಿ ಬಾಣ ಮೂಡುತ್ತದೆ, ತಪ್ಪಿಸಿಕೊಂಡರೆ ದಂಡದ ಸಮಯ ಸೇರುತ್ತದೆ. ಹಿಂದಿನ ದಿನ ಗೆದ್ದವರು ಮರುದಿನ ಎಲ್ಲರಿಗಿಂತ ಮೊದಲು ಹೊರಡಬೇಕಾಗಿ, ಹಿಂಬಾಲಿಸಲು ಯಾವ ಚಕ್ರದ ಗೆರೆಯೂ ಇಲ್ಲದೆ ಸಮಯ ಕಳೆದುಕೊಳ್ಳುತ್ತಾರೆ; ಅದಕ್ಕಾಗಿಯೇ ಇತ್ತೀಚಿನ ವರ್ಷಗಳಲ್ಲಿ ದಾರಿ ತೆರೆಯುವವರಿಗೆ ಬೋನಸ್ ಸೆಕೆಂಡುಗಳನ್ನು ಕೊಡುತ್ತಿದ್ದಾರೆ. 2023ರ ಡಾಕರ್‌ನಲ್ಲಿ ಎರಡು ವಾರ ಓಡಿದ ಮೇಲೆ ಮೊದಲ ಎರಡು ಸ್ಥಾನ ಪಡೆದ ಕೆವಿನ್ ಬೆನವಿಡೆಸ್ ಮತ್ತು ಟೋಬಿ ಪ್ರೈಸ್ ನಡುವೆ ಉಳಿದ ಅಂತರ 43 ಸೆಕೆಂಡು. ಒಂದು ತಪ್ಪು ಕವಲಿಗೆ ಹೊಕ್ಕು ಹೊರಬರಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಅಣ್ಣನವರು ಪಾಠ ಶುರು ಮಾಡಿದ್ದೇ ದಾರಿ ತಪ್ಪಿದವನ ಕತೆಯಿಂದ. 1977ರಲ್ಲಿ ಆಬಿಜಾನ್–ನೀಸ್ ರ‍್ಯಾಲಿಯಲ್ಲಿ ಬೈಕು ಓಡಿಸುತ್ತಿದ್ದ ಥಿಯೆರಿ ಸಾಬೀನ್ ಎಂಬ ಫ್ರೆಂಚ್ ಸವಾರ ಲಿಬಿಯಾದ ಮರುಭೂಮಿಯಲ್ಲಿ ಕಳೆದುಹೋಗಿ, ಸಾವಿನ ಅಂಚಿನಿಂದ ಪಾರಾಗಿ ಬಂದ. ಮರುಭೂಮಿಗೆ ಕೈಮುಗಿದು ಮನೆಯಲ್ಲಿ ಕೂರುವ ಬದಲು ಇನ್ನಷ್ಟು ಜನರನ್ನು ಅದರೊಳಗೆ ಕರೆದೊಯ್ಯುವ ಯೋಚನೆ ಮಾಡಿದ. 1978ರ ಡಿಸೆಂಬರ್ 26ರಂದು ಪ್ಯಾರಿಸ್ಸಿನಿಂದ ಸೆನೆಗಲ್ ದೇಶದ ರಾಜಧಾನಿ ಡಾಕರ್‌ಗೆ ಮೊದಲ ರ‍್ಯಾಲಿ ಹೊರಟಿತು. ಬೈಕಿನಲ್ಲಿ ಗೆದ್ದವರು ಯಮಹಾ ಎಕ್ಸ್‌ಟಿ 500 ಓಡಿಸಿದ ಸಿರಿಲ್ ನೆವೊ. ಮೌರಿಟೇನಿಯಾದಲ್ಲಿನ ಭಯೋತ್ಪಾದನೆಯ ಬೆದರಿಕೆಯಿಂದ 2008ರಲ್ಲಿ ರದ್ದಾಗಿ, 2009ರಿಂದ ದಕ್ಷಿಣ ಅಮೆರಿಕಕ್ಕೂ 2020ರಿಂದ ಸೌದಿ ಅರೇಬಿಯಾಕ್ಕೂ ಅದು ಸ್ಥಳ ಬದಲಿಸಿದರೂ ಡಾಕರ್ ಎಂಬ ಹೆಸರು ಮಾತ್ರ ಉಳಿದುಕೊಂಡಿತು.

ಆಮೇಲೆ ನಮಗೆ ಒಂದೊಂದು ಪೆಟ್ಟಿಗೆ ಕೊಟ್ಟರು. ತಗಡನ್ನು ಬಾಗಿಸಿ, ಎರಡು ಪಿವಿಸಿ ಪೈಪಿನ ತುಂಡು ಅಡ್ಡ ಹಾಕಿ, ಬದಿಗೆ ತಿರುಗಿಸಲು ಗುಬಟು ಸಿಕ್ಕಿಸಿ ಅಲ್ಲೇ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ್ದು. ಒಳಗೆ 38 ಕಿಲೋಮೀಟರಿನ ರೋಡ್‌ಬುಕ್, ಅಣ್ಣನವರೇ ಕೈಯಿಂದ ಬರೆದದ್ದು. ಹುಣಸೆಮರ, ಓವರ್‌ಹೆಡ್ ಟ್ಯಾಂಕು, ಮುನೇಶ್ವರನ ಕಲ್ಲು, ನೀಲಗಿರಿ ತೋಪು, ಪಂಪ್‌ಸೆಟ್ಟಿನ ಮನೆ, ಕೋಳಿ ಫಾರಂ, ಪ್ರತಿಯೊಂದಕ್ಕೂ ಒಂದು ಚಿಹ್ನೆ. ನನಗೆ ಇದು ಹೊಸದೆನಿಸಲಿಲ್ಲ. ರಸ್ತೆ ಕೆಲಸದಲ್ಲಿ ಚೈನೇಜ್, ಅಂದರೆ ಹೊರಟಲ್ಲಿಂದ ಅಳೆದ ದೂರ, ಹಿಡಿದು ಮೋರಿ, ತಿರುವು, ಕಂಬ ಗುರುತು ಹಾಕುವುದೂ ಇದೇ ತಾನೆ ಎಂದು ಉಡಾಫೆಯಿಂದಲೇ ಹೊರಟೆ. ಹೊರಡುವ ಮುನ್ನ ರಸ್ತೆಬದಿಯ ಕಿಲೋಮೀಟರ್ ಕಲ್ಲುಗಳ ನಡುವೆ ಐದು ಕಿಲೋಮೀಟರ್ ಓಡಿಸಿ ನಿಮ್ಮ ಟ್ರಿಪ್ ಮೀಟರ್ ಎಷ್ಟು ತೋರಿಸುತ್ತದೆಂದು ಬರೆದುಕೊಳ್ಳಿ ಎಂದು ಅವರು ಎರಡು ಸಲ ಹೇಳಿದ್ದರು. ನಾನು ಓಡಿಸಿದೆ, 5.15 ಎಂದು ತೋರಿಸಿತು, ಹತ್ತಿರ ಹತ್ತಿರ ಸರಿಯಿದೆಯೆಂದು ಬಿಟ್ಟೆ.

ರೋಡ್‌ಬುಕ್ಕಿನಲ್ಲಿ 11.40ಕ್ಕೆ ಹುಣಸೆಮರದ ಬಳಿ ಎಡಕ್ಕೆ ಎಂದಿತ್ತು. ನನ್ನ ಮೀಟರ್ 11.40 ತೋರಿಸಿದ ಜಾಗದಲ್ಲಿ ಹುಣಸೆಮರವೂ ಇತ್ತು, ಎಡಕ್ಕೆ ಬಂಡಿ ಜಾಡೂ ಇತ್ತು. ತಿರುಗಿದೆ. ಎರಡು ಕಿಲೋಮೀಟರ್ ಆದರೂ ಮುಂದಿನ ಗುರುತಾದ ಪಂಪ್‌ಸೆಟ್ಟಿನ ಮನೆ ಬರಲಿಲ್ಲ. ಕುರಿ ಮೇಯಿಸುತ್ತಿದ್ದ ಅಜ್ಜಿಯೊಬ್ಬರನ್ನು ಕೇಳಿದೆ. ‘ನಿಮ್ಮೋರು ಮೂರು ಜನ ಆಗ್ಲೇ ಇಂಗೇ ಹೋದ್ರಪ್ಪಾ, ಬಿರ್‍ನೆ ಹೋಗು’ ಎಂದರು. ನೆಲ ನೋಡಿದರೆ ನಿಜವಾಗಿ ಮೂರು ಗುಬ್ಬಿ ಟಯರಿನ ಗುರುತು ಮುಂದೆ ಸಾಗಿತ್ತು. ಅನುಮಾನವೆಲ್ಲ ಹಾರಿಹೋಯಿತು, ಜೋರಾಗಿಯೇ ಹೊರಟೆ. ಇನ್ನೂ ಮೂರು ಕಿಲೋಮೀಟರ್ ಆಚೆ, ಜಾಡು ಒಂದು ಕ್ವಾರಿಯ ಬೇಲಿಗೆ ತಾಗಿ ನಿಂತಲ್ಲಿ, ಆ ಮೂವರೂ ಬೈಕು ನಿಲ್ಲಿಸಿಕೊಂಡು ಫೋನಿನಲ್ಲಿ ಸಿಗ್ನಲ್ ಹುಡುಕುತ್ತಿದ್ದರು. ಮೊದಲನೆಯವರು ತಪ್ಪಿದ್ದರು, ಮಿಕ್ಕವರೆಲ್ಲ ಅವರ ಗೆರೆಯನ್ನು ಓದಿದ್ದೆವು. ಡಾಕರ್‌ನಲ್ಲೂ ಹೀಗೆಯೇ ಒಬ್ಬರ ಹಿಂದೆ ಹತ್ತು ಜನ ಹೋಗಿ ದಾರಿ ತಪ್ಪುತ್ತಾರೆಂದು ಬೆಳಿಗ್ಗೆಯಷ್ಟೇ ಕೇಳಿ ನಕ್ಕಿದ್ದವರು ನಾವು.

ವಾಪಸು ಬಂದ ಮೇಲೆ ಅಣ್ಣನವರು ಬೈಯಲಿಲ್ಲ. ನನ್ನ ಬೈಕಿನ ಮುಂದಿನ ಟಯರನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದರು. ಹಿಂದಿನ ದಿನ ಮರಳಿನ ಪಾಠಕ್ಕೆಂದು ಇಳಿಸಿದ್ದ ಗಾಳಿಯನ್ನು ನಾನು ಮತ್ತೆ ತುಂಬಿಸಿರಲಿಲ್ಲ. ಜೊತೆಗೆ ಗುಬ್ಬಿ ಸವೆದ ಟಯರು. ಗಾಳಿ ಕಡಿಮೆಯಾದರೂ ಟಯರು ಸವೆದರೂ ಚಕ್ರದ ಸುತ್ತಳತೆ ಕುಗ್ಗುತ್ತದೆ, ಅಷ್ಟೇ ದೂರಕ್ಕೆ ಚಕ್ರ ಹೆಚ್ಚು ಸಲ ಸುತ್ತುತ್ತದೆ, ಮೀಟರ್ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಐದಕ್ಕೆ 0.15 ಎಂದರೆ ನೂರಕ್ಕೆ ಮೂರು. ಮೀಟರ್ 11.40 ಎಂದಾಗ ನಾನು ನಿಜವಾಗಿ 11.07ರಲ್ಲಿದ್ದೆ, ಸರಿಯಾದ ಹುಣಸೆಮರ ಇನ್ನೂ 330 ಮೀಟರ್ ಮುಂದಿತ್ತು. ಇಪ್ಪತ್ತು ವರ್ಷ ಟೇಪು ಹಿಡಿದವನು ನೂರಕ್ಕೆ ಮೂರರ ತಪ್ಪನ್ನು ಹತ್ತಿರ ಹತ್ತಿರ ಎಂದುಕೊಂಡೆನಲ್ಲ ಎಂಬ ನಾಚಿಕೆಗೆ ಮಧ್ಯಾಹ್ನದ ಮುದ್ದೆ ಗಂಟಲಿನಲ್ಲಿ ಇಳಿಯಲಿಲ್ಲ. ಗುರುತು ಸಿಕ್ಕಿದಲ್ಲೆಲ್ಲ ಮೀಟರನ್ನು ರೋಡ್‌ಬುಕ್ಕಿನ ಅಂಕಿಗೆ ತಿದ್ದಿಕೊಳ್ಳುತ್ತ ಹೋಗಬೇಕು, ತಿದ್ದದಿದ್ದರೆ ತಪ್ಪು ಬೆಳೆಯುತ್ತ ಹೋಗುತ್ತದೆ. 400 ಕಿಲೋಮೀಟರಿನ ಹಂತದಲ್ಲಿ ಅದೇ ತಪ್ಪು 12 ಕಿಲೋಮೀಟರ್ ಆಗುತ್ತದೆ. ಸಾಮ್‌ನಂಥ ಜಾಗದಲ್ಲಿ 12 ಕಿಲೋಮೀಟರ್ ಎಂದರೆ ಕೇಳಲು ಅಜ್ಜಿಯೂ ಇರುವುದಿಲ್ಲ.

ಮಧ್ಯಾಹ್ನದ ಒಂದು ಗಂಟೆ ರಿಪೇರಿಗೆ ಮೀಸಲಿತ್ತು. ಡಾಕರ್‌ನಲ್ಲಿ ಕಂಪನಿಯ ತಂಡದವರಿಗೆ ಮೆಕ್ಯಾನಿಕ್, ಲಾರಿ, ಮಾಲೀಸು ಮಾಡುವವರು ಎಲ್ಲ ಇರುತ್ತಾರೆ. ಹಿಂದೆ ‘ಮಾಲ್ ಮೋಟೋ’ ಎನ್ನುತ್ತಿದ್ದ ವಿಭಾಗದ ಹವ್ಯಾಸಿಗಳಿಗೆ ತಮ್ಮ ಸಾಮಾನಿನ ಒಂದು ಪೆಟ್ಟಿಗೆ ಬಿಟ್ಟರೆ ಯಾರ ನೆರವೂ ಇಲ್ಲ, ದಿನವಿಡೀ ಓಡಿಸಿ ರಾತ್ರಿ ತಾವೇ ಎಣ್ಣೆ ಬದಲಿಸಿ, ಟಯರು ಕಳಚಿ, ಮೂರು ಗಂಟೆ ಮಲಗಿ ಎದ್ದು ಹೊರಡುತ್ತಾರೆ. ಅಣ್ಣನವರ ಗೌರವವೆಲ್ಲ ಆ ಪೆಟ್ಟಿಗೆಯವರ ಕಡೆಗಿತ್ತು. ಟ್ಯೂಬು ಬದಲಿಸುವುದು, ಕ್ಲಚ್ ಕೇಬಲ್ ಹಾಕುವುದು, ತುಂಡಾದ ಚೈನಿಗೆ ಲಿಂಕ್ ಕೂಡಿಸುವುದನ್ನು ಗಡಿಯಾರ ಹಿಡಿದು ಮಾಡಿಸಿದರು. ಟ್ಯೂಬಿಗೆ ನನಗೆ 41 ನಿಮಿಷ ಬೇಕಾಯಿತು. ಶಿಡ್ಲಘಟ್ಟದ ಹುಡುಗ 19ರಲ್ಲಿ ಮುಗಿಸಿ ನನ್ನ ಟಯರು ಲಿವರ್ ಹಿಡಿದುಕೊಂಡ.

ವಹಿವಾಟಿನ ವಿಷಯದಲ್ಲಿ ಎರಡು ಮಾತು. ಮುಂಗಡ ಪೂರ್ತಿ ಕಟ್ಟಬೇಕು, ಬರಲಾಗದಿದ್ದರೆ ವಾಪಸಿಲ್ಲ. ಬಿಲ್ಲು ಕೇಳಿದರೆ ಬಿಳಿ ಚೀಟಿಯಲ್ಲಿ ಮೊತ್ತ ಬರೆದು ಕೊಡುತ್ತಾರೆ. ಗಾಯವಾದರೆ ತಮ್ಮ ಹೊಣೆಯಿಲ್ಲವೆಂಬ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುವುದರಲ್ಲಿ ಮಾತ್ರ ಬಹಳ ಶಿಸ್ತಿದೆ, ಮೂರು ಪ್ರತಿ.

ಮರುಭೂಮಿಯ ಮರಳಿಗೆ ದೇಹವನ್ನು ಪಳಗಿಸಿಕೊಳ್ಳಬೇಕೆಂದು ಇಲ್ಲಿಗೆ ಬರುವವರು ಆ ದುಡ್ಡನ್ನು ರೈಲು ಟಿಕೆಟಿಗೆ ಹಾಕಿ ಜೈಸಲ್ಮೇರಿಗೇ ಹೋಗುವುದು ಮೇಲು. ಕಚ್ಚಾ ರಸ್ತೆಯಲ್ಲಿ ನಿಂತು ಓಡಿಸಲು ಕಲಿಯಬೇಕೆನ್ನುವವರಿಗೆ ಮೊದಲ ದಿನದ ಪಾಠ ಖಂಡಿತ ಉಪಯೋಗಕ್ಕೆ ಬರುತ್ತದೆ, ಬೂಟು ತಮ್ಮದಿರಲಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೂ ತಮ್ಮದಿರಲಿ. ರ‍್ಯಾಲಿಗೆ ಹೆಸರು ಕೊಡುವ ಆಸೆಯಿರುವ ಹವ್ಯಾಸಿಗಳಿಗೆ ಭಾನುವಾರದ ಆ ಅರ್ಧ ದಿನ ಶುಲ್ಕದ ಬಹುಪಾಲನ್ನು ತೀರಿಸುತ್ತದೆ. ಹೊರಡುವಾಗ ಅಣ್ಣನವರ ಹತ್ತಿರ ಹೋಗಿ, ಮರಳಿನ ಗುಂಡಿಯನ್ನು ಬಿಟ್ಟು ರೋಡ್‌ಬುಕ್ಕಿನ ಪಾಠವನ್ನಷ್ಟೇ ಎರಡು ದಿನ ಮಾಡುವುದಾದರೆ ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ಕೇಳಿದೆ. ‘ಅದನ್ನ ಯಾರೂ ಕೇಳೋದೇ ಇಲ್ಲ ಸಾರ್, ಎಲ್ರಿಗೂ ಮರಳಿನ ಫೋಟೋ ಬೇಕು’ ಎಂದರು. ಸ್ವಲ್ಪ ಯೋಚಿಸಿ, ನಾಲ್ಕು ಜನ ಸೇರಿದರೆ ತಲಾ 4,000ಕ್ಕೆ ಮಾಡುತ್ತೇನೆ, ಈ ಸಲ ಮುಳಬಾಗಿಲು ಕಡೆಗೆ 90 ಕಿಲೋಮೀಟರಿನ ರೋಡ್‌ಬುಕ್ ಬರೆಯುತ್ತೇನೆ ಎಂದರು. ಕ್ವಾರಿಯ ಬೇಲಿಯ ಬಳಿ ಸಿಕ್ಕಿದ್ದ ಆ ಮೂವರನ್ನು ಕೇಳಿದೆ, ಮೂವರೂ ಒಪ್ಪಿದ್ದಾರೆ.